ಕೃಪೆ: ಅಂತರ್ಜಾಲ

ಹೈಸ್ಕೂಲು ಮಕ್ಕಳ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಮುತುವರ್ಜಿಯಿಂದ ತಯಾರಾಗುವುದು ಮುಖಪುಟ. ಸ್ಕೆಚ್ ಪೆನ್ನಿನ ಅಕ್ಷರ, ಅಂಚಿಗೊಂದು ಬಳ್ಳಿ, ಮೇಲಿಷ್ಟು ಮಿನುಗುಪುಡಿ. ಎಲ್ಲಕ್ಕಿಂತ ಅವಸರದಲ್ಲಿ ಹುಟ್ಟುವುದು ಕೊನೆಯ ಪುಟದ ಆಧಾರಗಳ ಪಟ್ಟಿ: ಗೂಗಲ್, ಯೂಟ್ಯೂಬ್, ಪಠ್ಯಪುಸ್ತಕ, ಗುರುಹಿರಿಯರು. ಕೊನೆಯದರಲ್ಲಿ ವಿನಯವಾದರೂ ಇದೆ. ಗೂಗಲ್ ಎಂದು ಬರೆಯುವುದು ಮಾತ್ರ, ಮದುವೆ ಸೀರೆ ಎಲ್ಲಿ ತಂದಿರಿ ಎಂದು ಕೇಳಿದವರಿಗೆ ‘ಬಸ್ಸಿನಲ್ಲಿ’ ಎಂದ ಹಾಗೆ. ಹಾಗಂತ ಮಕ್ಕಳನ್ನು ಬೈಯುವಂತಿಲ್ಲ. ಚಿತ್ರದಡಿ ‘ಕೃಪೆ: ಅಂತರ್ಜಾಲ’ ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುವವರು ದೊಡ್ಡವರೇ. ಆಧಾರ ಕೊಡುವುದನ್ನು ನಾವು ಕಾಪಿ ಹೊಡೆಯುವುದರ ವಿರುದ್ಧದ ಪೊಲೀಸ್ ಕಾನೂನಿನಂತೆ ಕಲಿಸುತ್ತಿದ್ದೇವೆ, ತಪ್ಪಿರುವುದು ಅಲ್ಲೇ ಎಂಬುದು ನನ್ನ ವಾದ. ಅದು ಜಗಳಕ್ಕೆ ಬರುವವನಿಗೆ ಮನೆಯ ವಿಳಾಸ ಕೊಡುವ ಸೌಜನ್ಯ. ಜಗಳವೆಂದರೆ ಹದಿನೈದರ ವಯಸ್ಸಿಗೆ ಬೇಸರವೇನೂ ಇಲ್ಲ.

ಕನ್ನಡದ ಮೊದಲ ಶಾಸನ ಯಾವುದು? ಒಬ್ಬಳು ಹಲ್ಮಿಡಿ, ಸುಮಾರು ಕ್ರಿ.ಶ. 450 ಎಂದು ಬರೆಯುತ್ತಾಳೆ. ಪಕ್ಕದ ಬೆಂಚಿನವನು 2013ರಲ್ಲಿ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನ, ಕ್ರಿ.ಶ. 370 ಎನ್ನುತ್ತಾನೆ. ಇಬ್ಬರೂ ‘ಗೂಗಲ್’ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಜೋರಾಗಿ ಕೂಗಿದವರದ್ದೇ ಇತಿಹಾಸ. ಯಾರ ಓದು, ಯಾವ ವರದಿ ಎಂದು ಬರೆದಿದ್ದರೆ ತರಗತಿಗೆ ಒಂದು ಒಳ್ಳೆಯ ಮಧ್ಯಾಹ್ನ ಸಿಗುತ್ತದೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾವಿರಾರು ಶಾಸನಗಳಿಗೆ ತಾಲ್ಲೂಕು, ನಂಬರು ಹಚ್ಚಿಟ್ಟಿದ್ದರಿಂದಲೇ ಇಂದಿಗೂ ಆ ಸಾಲನ್ನು ಹುಡುಕಿ ತೆಗೆದು, ರೈಸ್ ಸಾಹೇಬರು ಇಲ್ಲಿ ಎಡವಿದ್ದಾರೆ ಎನ್ನಬಹುದು. ಇನ್ನೂ ಹಿಂದಕ್ಕೆ ಹೋದರೆ ಕವಿರಾಜಮಾರ್ಗ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ಹೆಸರು ಹೇಳುತ್ತದೆ. ಅವರ ಕನ್ನಡ ಗದ್ಯ ನಮಗೆ ಸಿಕ್ಕಿಲ್ಲ, ಸಿಕ್ಕಿರುವುದು ಹೆಸರುಗಳು. ಕವಿರಾಜಮಾರ್ಗ ಬರೆದ ಶ್ರೀವಿಜಯನೂ ‘ಆಧಾರ: ಗುರುಹಿರಿಯರು’ ಎಂದು ಒಂದೇ ಸಾಲಿನಲ್ಲಿ ಕೈಮುಗಿದಿದ್ದರೆ ಅದೂ ಇಲ್ಲ.

ವಿಳಾಸವಿಲ್ಲದ ಮಾತಿನ ಗತಿ ನೋಡಿ. ನವೆಂಬರ್ ಬಂತೆಂದರೆ, ವಿನೋಬಾ ಭಾವೆ ಕನ್ನಡ ಲಿಪಿಯನ್ನು ‘ವಿಶ್ವ ಲಿಪಿಗಳ ರಾಣಿ’ ಎಂದರು ಎಂಬ ಮೆಸೇಜು ಮನೆಮನೆಗೂ ಬರುತ್ತದೆ. ಹೇಳಿರಲೂಬಹುದು. ಯಾವ ಊರಿನ ಭಾಷಣ, ಯಾವ ಪುಸ್ತಕದ ಎಷ್ಟನೆಯ ಪುಟ ಎಂಬುದೊಂದು ಮಾತ್ರ ಮೆಸೇಜಿನ ಜೊತೆ ಬರುವುದಿಲ್ಲ. ಕೇಳಿದವನು ಕನ್ನಡದ್ರೋಹಿಯಾಗುವ ಅಪಾಯ ಬೇರೆ! ವಿಳಾಸವಿದ್ದರೂ ಬಾಗಿಲು ತಟ್ಟಿ ನೋಡಬೇಕು ಎನ್ನುವುದಕ್ಕೆ ಕೋಆಟಿ ಎಂಬ ಪ್ರಾಣಿಯ ಕಥೆ ಇದೆ. 2008ರಲ್ಲಿ ಅಮೆರಿಕದ ಹುಡುಗನೊಬ್ಬ ಆ ಪ್ರಾಣಿಗೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಇಲ್ಲದ ಹೆಸರನ್ನು ತಮಾಷೆಗೆ ವಿಕಿಪೀಡಿಯಾದಲ್ಲಿ ಸೇರಿಸಿದ. ಬ್ರಿಟನ್ನಿನ ಪತ್ರಿಕೆಗಳು ಅದನ್ನೇ ಎತ್ತಿಕೊಂಡವು. ಆಮೇಲೆ ವಿಕಿಪೀಡಿಯಾದ ಆ ಸಾಲಿಗೆ ಪತ್ರಿಕೆಯೇ ಆಧಾರವಾಗಿ ನಿಂತಿತು.

ಎಳೆ ಮಕ್ಕಳ ಮೇಲೆ ಇಷ್ಟು ಭಾರ ಯಾಕೆ ಎನ್ನುವವರಿದ್ದಾರೆ. ಭಾರವಾಗುವುದು ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ ಎಂಬ ಶಾಸ್ತ್ರ. ಅದನ್ನು ಪಿಎಚ್‌ಡಿ ಮಾಡುವವರ ಪಾಲಿಗೆ ಬಿಡೋಣ, ಅವರಿಗೂ ಏನಾದರೂ ಕೆಲಸ ಬೇಕಲ್ಲ. ಮಕ್ಕಳಿಗೆ ಯಾರು ಹೇಳಿದ್ದು, ಎಲ್ಲಿ ಹೇಳಿದ್ದು, ಅವರಿಗೆ ಹೇಗೆ ಗೊತ್ತು ಎಂಬಷ್ಟು ಸಾಕು. ಅರವತ್ತು ಪುಸ್ತಕ ತಿದ್ದುವ ಮೇಷ್ಟರಿಗೆ ಪುರುಸೊತ್ತೆಲ್ಲಿ ಎಂಬ ತಕರಾರು ನ್ಯಾಯವಾದದ್ದೇ. ಒಂದು ಪ್ರಾಜೆಕ್ಟಿಗೆ ಒಂದೇ ಸಂಗತಿ ಆರಿಸಿ, ಅದರ ಆಧಾರವನ್ನು ಪಕ್ಕದವರಿಂದ ಪರೀಕ್ಷೆ ಮಾಡಿಸಿದರಾಯಿತು. ಪಕ್ಕದವರ ತಪ್ಪು ಹುಡುಕುವುದಕ್ಕೆ ಮಕ್ಕಳಿಗೆ ಟ್ರೇನಿಂಗ್ ಬೇಕಿಲ್ಲ. ಪುಸ್ತಕವೇ ಇಲ್ಲ, ಲೈಬ್ರರಿಯೆಂದರೆ ಬೀಗ ಹಾಕಿದ ಬೀರು ಎಂದರೆ, ಅದು ಬೀರುವಿನ ಬೀಗ ತೆಗೆಯಲು ಕಾರಣವೇ ಹೊರತು ಪ್ರಶ್ನೆ ನಿಲ್ಲಿಸಲು ಅಲ್ಲ. ಈಗ ಚಾಟ್‌ಜಿಪಿಟಿಯೇ ಪಟ್ಟಿ ಮಾಡಿಕೊಡುತ್ತದಲ್ಲ ಎಂಬುದು ಹೊಸ ಆಕ್ಷೇಪ. ಮಾಡಿಕೊಡುತ್ತದೆ, ಬಲು ಅಂದವಾಗಿ. ಹಾಗೆ ಅದು ಕಟ್ಟಿಕೊಟ್ಟ, ಎಲ್ಲೂ ನಡೆಯದ ಮೊಕದ್ದಮೆಗಳನ್ನು ಕೋರ್ಟಿನ ಮುಂದಿಟ್ಟ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಕರಿಕೋಟಿನವರೇ ತೆರೆದು ನೋಡದಿದ್ದಾಗ ಯೂನಿಫಾರ್ಮಿನವರಿಗೆ ಆ ಅಭ್ಯಾಸವನ್ನು ಬೇಗ ಹಿಡಿಸುವುದು ವಾಸಿ.

ಬಾಯಿಬಿಟ್ಟು ಯಾರೂ ಹೇಳದ ಆಕ್ಷೇಪವೊಂದಿದೆ. ಈ ಚಟ ಅಂಟಿದ ಮಕ್ಕಳು ಪ್ರಾಜೆಕ್ಟಿಗೇ ನಿಲ್ಲುವುದಿಲ್ಲ. ಪಾಠದ ನಡುವೆ ಎದ್ದು ನಿಂತು, “ಸಾರ್, ಇದು ನಿಮಗೆ ಎಲ್ಲಿ ಸಿಕ್ತು?” ಎನ್ನುತ್ತಾರೆ. ಬೆಲ್ಲಿಗೆ ಇನ್ನೂ ಹತ್ತು ನಿಮಿಷ ಇರುತ್ತದೆ. “ನಾಳೆ ನೋಡಿ ಹೇಳ್ತೀನಿ ಕೂತ್ಕೋ” ಎಂದ ಮೇಷ್ಟರು ಅಂದು ರಾತ್ರಿ ನಿಜಕ್ಕೂ ನೋಡಬೇಕಾಗುತ್ತದೆ.