ರಾಯರ ಬೆರಳೂ ನಮ್ಮ ಮೌಸೂ

ರಾಯರು ಬಿಲ್ ಹಾಕುವುದಕ್ಕೆ ಟಿಕೆಟ್ ಇಟ್ಟಿದ್ದರೆ ನಾವು ದುಡ್ಡು ಕೊಟ್ಟು ನೋಡುತ್ತಿದ್ದೆವು. ಎಡಗೈಯಲ್ಲಿ ಕಾಫಿ ಲೋಟ, ಕಿವಿಗೂ ಭುಜಕ್ಕೂ ನಡುವೆ ಫೋನು, ಬಲಗೈ ಕೀಬೋರ್ಡಿನ ಮೇಲೆ. ಕಪ್ಪು ಪರದೆಯಲ್ಲಿ ಹಸಿರು ಅಕ್ಷರ ಮೂಡುವ ಹೊತ್ತಿಗೆ ಮುಂದಿನ ಎರಡು ಪರದೆಗೆ ಬೇಕಾದದ್ದನ್ನೂ ಒತ್ತಿ ಮುಗಿಸಿರುತ್ತಿದ್ದರು. ಯಂತ್ರ ಅಷ್ಟನ್ನೂ ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ನುಂಗುತ್ತಿತ್ತು. ರಾಯರು ಮಾತ್ರ ಪರದೆಯ ಕಡೆ ತಿರುಗಿಯೂ ನೋಡದೆ ಫೋನಿನಲ್ಲಿ, 'ಬೇರಿಂಗು ನಾಳೆ ಬರತ್ತೆ ಕಣಯ್ಯಾ, ಕ್ಲಚ್ ಪ್ಲೇಟು ಕಳಿಸಿದೀನಿ' ಅನ್ನುತ್ತಿದ್ದರು.

ಇಂಥ ರಾಯರನ್ನು ಉದ್ಧಾರ ಮಾಡಲು ಹೊರಟ ತಂಡದಲ್ಲಿ ನಾನೂ ಒಬ್ಬ. ವಾಹನದ ಬಿಡಿಭಾಗಗಳ ಸಗಟು ವ್ಯಾಪಾರದ ಆ ಆಫೀಸಿನ ಹಸಿರು ಪರದೆಯನ್ನು ಕಿತ್ತು ಬ್ರೌಸರಿಗೆ ತರುವುದು ನಮ್ಮ ಕೆಲಸ. ಕಾರಣಗಳು ನ್ಯಾಯವಾದವೇ. ಊರೂರು ಸುತ್ತುವ ಸೇಲ್ಸ್ ಹುಡುಗರಿಗೆ ಮೊಬೈಲಿನಲ್ಲೇ ಸ್ಟಾಕ್ ಕಾಣಬೇಕು. ಆರ್‌ಪಿಜಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವರೆಲ್ಲ ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದರು. ಇವೆರಡಕ್ಕಿಂತ ದೊಡ್ಡ ಕಾರಣ, ಯಜಮಾನರ ಮಗ ಎಂಬಿಎ ಮುಗಿಸಿ ಬಂದಿದ್ದ.

ಯಂತ್ರ ಎಎಸ್/400. ಐಬಿಎಂನವರು 1988ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. ಆಮೇಲೆ ಅದೇ ವಂಶಕ್ಕೆ ಐಸೀರೀಸ್ ಅಂದರು, ಸಿಸ್ಟಮ್ ಐ ಅಂದರು, 2008ರಲ್ಲಿ ಅದರ ಆಪರೇಟಿಂಗ್ ಸಿಸ್ಟಮ್ಮಿಗೆ ಐಬಿಎಂ ಐ ಎಂದು ಇನ್ನೊಂದು ನಾಮಕರಣ ಮಾಡಿದರು. ಕಂಪನಿ ಎಷ್ಟು ಸಲ ತೊಟ್ಟಿಲು ತೂಗಿದರೂ ಆಫೀಸಿನವರ ಬಾಯಲ್ಲಿ ಅದು ಎಎಸ್ ಫೋರ್ ಹಂಡ್ರೆಡ್ಡೇ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಈ 80ಕ್ಕೆ ಇನ್ನೂ ಹಳೆಯ ಗೋತ್ರವಿದೆ. 1928ರಲ್ಲಿ ಐಬಿಎಂನವರು ತಂದ ತೂತು ಹೊಡೆಯುವ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. ಕಾರ್ಡು ಹೋಯಿತು, 80 ಉಳಿಯಿತು. ಅಷ್ಟರೊಳಗೇ ಗಿರಾಕಿಯ ಹೆಸರು, ಊರು, ಬಾಕಿ ಎಲ್ಲ ಕೂರಬೇಕು. ಹಾಗಾಗಿ ಹೆಸರಿಗೆ ಮೂವತ್ತೇ ಇಂಗ್ಲಿಷ್ ಅಕ್ಷರ ಎಂದು ಯಾವನೋ ಪುಣ್ಯಾತ್ಮ ನಿಗದಿ ಮಾಡಿಟ್ಟಿದ್ದ. ಪರಿಣಾಮವಾಗಿ ಶ್ರೀ ಲಕ್ಷ್ಮೀ ವೆಂಕಟೇಶ್ವರ ಟ್ರೇಡರ್ಸ್ ಎಂಬ ಅಂಗಡಿ ನಮ್ಮ ಬಿಲ್ಲುಗಳಲ್ಲಿ ವರ್ಷಗಟ್ಟಲೆ 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಟ್ರೇಡ್' ಎಂದು ಬಾಲ ಕತ್ತರಿಸಿಕೊಂಡು ಓಡಾಡುತ್ತಿತ್ತು.

ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆಯಲು ದುಡ್ಡಿಲ್ಲ ಎಂದರು. ಹಾಗಾದರೆ ಸ್ಕ್ರೀನ್ ಸ್ಕ್ರೇಪಿಂಗ್ ಮಾಡೋಣ ಎಂದೆವು. ಅಂದರೆ ಹೆಚ್ಚುಕಡಿಮೆ ಕಾಯಿ ತುರಿದ ಹಾಗೆ. ಹಿಂದೆ ಹಳೆಯ ಹಸಿರು ಪರದೆ ಹಾಗೇ ಓಡುತ್ತಿರುತ್ತದೆ. ನಡುವೆ ಕೂತ ಒಂದು ತಂತ್ರಾಂಶ ಆರನೇ ಸಾಲಿನ ಇಪ್ಪತ್ತನೇ ಅಕ್ಷರದಿಂದ ಹೆಸರನ್ನೂ, ಒಂಬತ್ತನೇ ಸಾಲಿನಿಂದ ಬಾಕಿಯನ್ನೂ ತುರಿದು ತೆಗೆದು ವೆಬ್ ಪುಟದಲ್ಲಿ ಚೆಂದವಾಗಿ ಬಡಿಸುತ್ತದೆ. ನೀವು ಮೌಸಿನಲ್ಲಿ 'ಉಳಿಸಿ' ಎಂಬ ನೀಲಿ ಗುಂಡಿ ಒತ್ತಿದರೆ ಅದು ಒಳಗೆ ಹೋಗಿ ಗುಟ್ಟಾಗಿ ಎಫ್6 ಒತ್ತಿ ಬರುತ್ತದೆ. ಅಜ್ಜಿಗೆ ಸಲ್ವಾರ್ ಕಮೀಜ್ ತೊಡಿಸಿ ಕೂರಿಸಿದ ಹಾಗೆ. ಬಾಯಿ ತೆರೆದರೆ ಅದೇ ಗಾದೆ.

ಶುರುವಾದ ದಿನ ಹೂವಿನ ಹಾರ, ಕಾಯಿ, ಕೇಸರಿಬಾತು. ರಾಯರು ಹೊಸ ಪುಟದ ಮುಂದೆ ಕೂತು ಎಂದಿನಂತೆ ಕೋಡು, ಟ್ಯಾಬ್, ಸಂಖ್ಯೆ, ಎಂಟರ್ ಎಂದು ಧಡಧಡ ಒತ್ತಿದರು. ಪುಟ ಇನ್ನೂ ಗಿರಗಿರನೆ ತಿರುಗುತ್ತಿತ್ತು. ಒತ್ತಿದ್ದೆಲ್ಲ ಗಾಳಿಗೆ ಹೋಯಿತು. ಹಿಂದಕ್ಕೆ ಹೋಗೋಣವೆಂದು ಅಭ್ಯಾಸಬಲದಿಂದ ಎಫ್12 ಒತ್ತಿದರು. ಅದು ಎಎಸ್/400ರಲ್ಲಿ 'ರದ್ದು'. ಬ್ರೌಸರಿನಲ್ಲಿ ಡೆವಲಪರುಗಳ ಅಡುಗೆಮನೆಯ ಬಾಗಿಲು. ನಮ್ಮ ಪುಟದ ಕರುಳು ಪಚ್ಚಿ ಎಲ್ಲ ಬಲಗಡೆ ಹರಡಿಕೊಂಡಿತು, ನಾವು ಬರೆದಿಟ್ಟಿದ್ದ 'ಇದು ಯಾಕೆ ಕೆಲಸ ಮಾಡುತ್ತೋ ಗೊತ್ತಿಲ್ಲ, ಮುಟ್ಟಬೇಡಿ' ಎಂಬ ಟಿಪ್ಪಣಿಯ ಸಮೇತ. ರಾಯರು ಕನ್ನಡಕ ಏರಿಸಿಕೊಂಡು ಅದನ್ನು ಪೂರ್ತಿ ಓದಿದರು. ಗಾಬರಿಯಲ್ಲಿ 'ಹೊರಗೆ' ಹೋಗಲು ಎಫ್3 ಒತ್ತಿದರು. ಮೂಲೆಯಲ್ಲಿ ಹುಡುಕುವ ಪೆಟ್ಟಿಗೆ ತೆರೆಯಿತು. 'ಏನೋ ಹುಡುಕು ಅಂತಿದೆಯಪ್ಪ. ಏನು ಕಳಕೊಂಡಿದೀವಿ?'

ಕೊನೆಗೊಮ್ಮೆ ಬಿಲ್ ಸಿದ್ಧವಾಯಿತು. ಪುಟ ಕೇಳಿತು: 'ನಿಮಗೆ ಖಚಿತವೇ?'

'ಖಚಿತ ಇಲ್ದೇ ಒತ್ತಿದ್ನೇನ್ರೀ?' ಎಂದರು ರಾಯರು, ಪರದೆಗೆ.

ಮಧ್ಯಾಹ್ನ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಅವರನ್ನೇ ಹೊರಗೆ ಹಾಕಿತ್ತು: ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ. 'ಇಷ್ಟು ವರ್ಷದ ಸರ್ವೀಸಿನಲ್ಲಿ ಯಜಮಾನರೇ ನನ್ನನ್ನ ಯಾರು ಅಂತ ಕೇಳಿರಲಿಲ್ಲ' ಎಂದು ಅಂದು ಸಂಜೆಯವರೆಗೂ ಮಾತು ಬಿಟ್ಟರು. ಮರುದಿನ ನೋಡಿದರೆ ಮೌಸು ಫ್ಯಾನ್ ಗಾಳಿಗೆ ಡೆಲಿವರಿ ಚಲನ್ ಹಾರದಂತೆ ಅದರ ಮೇಲೆ ಕೂತಿತ್ತು.

ನಮಗೆ ಬುದ್ಧಿ ಬಂದದ್ದು ಆಮೇಲೆ. ವೆಬ್ ಪುಟ ಮಾಡುವಾಗ ನಾವು ಮನಸ್ಸಿನಲ್ಲಿಟ್ಟುಕೊಂಡದ್ದು ವರ್ಷಕ್ಕೊಮ್ಮೆ ಕರೆಂಟ್ ಬಿಲ್ ಕಟ್ಟಲು ಬರುವ ಅಪರಿಚಿತನನ್ನು. ಅವನಿಗೆ ದೊಡ್ಡ ಗುಂಡಿ ಬೇಕು, ಚಿತ್ರ ಬೇಕು, ಖಚಿತವೇ ಎಂದು ಕೇಳುವವರು ಬೇಕು. ದಿನಕ್ಕೆ ಇನ್ನೂರು ಬಿಲ್ ಹಾಕುವವರಿಗೆ ಇವೆಲ್ಲ ದಾರಿಗಡ್ಡ ಮಲಗಿದ ಎಮ್ಮೆಗಳು. ತಮಾಷೆಯೆಂದರೆ ಅರ್ಜಿ ಪೂರ್ತಿ ತುಂಬಿ ಒಂದೇ ಸಲಕ್ಕೆ ಕಳಿಸುವ ವೆಬ್ಬಿನ ಪದ್ಧತಿ ಇದೆಯಲ್ಲ, ಅದು ಆ ಹಸಿರು ಪರದೆಯದೇ ಪದ್ಧತಿ. ಅದೂ ಎಂಟರ್ ಒತ್ತುವವರೆಗೆ ಸರ್ವರಿಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಇದನ್ನು ವಿವರಿಸಿದಾಗ ರಾಯರು, 'ಮತ್ತೆ ಹೊಸದೇನು ಮಾಡಿದ್ರಿ?' ಎಂದರು. ನಾನು ಕೇಸರಿಬಾತಿನ ವಿಷಯ ತೆಗೆದೆ.

ಮೂರು ವಾರ ಕೂತು ಎಫ್3, ಎಫ್12ಗಳನ್ನು ಬ್ರೌಸರಿನ ಕೈಯಿಂದ ಕಿತ್ತು ರಾಯರಿಗೆ ವಾಪಸ್ ಕೊಟ್ಟೆವು. ಅವಸರಕ್ಕೆ ಒತ್ತಿದ್ದನ್ನು ಸಾಲಾಗಿ ಹಿಡಿದಿಡುವ ವ್ಯವಸ್ಥೆ ಮಾಡಿದೆವು. ಖಚಿತವೇ ಎಂಬ ಪ್ರಶ್ನೆಯನ್ನು ಅಳಿಸಿಹಾಕುವಾಗ ಎಲ್ಲರಿಗಿಂತ ಸಂತೋಷ ನನಗೇ ಆಯಿತು. ಮೌಸು ಮಾತ್ರ ಚಲನ್ ಕಾಯುವ ಕೆಲಸದಲ್ಲೇ ಕಾಯಂ ಆಯಿತು.

ತಿಂಗಳ ಕೊನೆಗೆ ಶ್ರೀ ಲಕ್ಷ್ಮೀ ವೆಂಕಟೇಶ್ವರದ ಯಜಮಾನರು ಬಾಕಿ ಕಟ್ಟಲು ಖುದ್ದಾಗಿ ಬಂದರು. ಬಣ್ಣದ ಲೋಗೋ ಇರುವ ಹೊಸ ಬಿಲ್ಲನ್ನು ಕೈಗಿತ್ತೆವು. ಹಿಂದೆ ಮುಂದೆ ತಿರುಗಿಸಿ ನೋಡಿದರು, ಬೆರಳಿನಿಂದ ಲೋಗೋ ಸವರಿದರು.

'ಭಾಳ ಚೆನ್ನಾಗಿದೆ ಸಾರ್. ನಮ್ಮ 'ಅರ್ಸ್' ಯಾವಾಗ ಕೊಡ್ತೀರಿ?'