ಅಪ್ಡೇಟ್ ಬರ್ತೈತಿ, ತಡೀರಿ

ವಿಜಯಪುರದ ಗಾಂಧಿ ಚೌಕಿನಲ್ಲಿ ಒಬ್ಬ, ಅಥಣಿ ರಸ್ತೆಯ ತಿಕೋಟಾದಲ್ಲಿ ಒಬ್ಬ, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ ಇನ್ನೊಬ್ಬ: ಅಪ್ಡೇಟಣ್ಣ ಇಲ್ಲದ ಊರಿಲ್ಲ. ಹಡೆದವರು ಇಟ್ಟ ಹೆಸರು ಮಲ್ಲಪ್ಪನೋ ಮಹಿಬೂಬನೋ ಇರಬಹುದು, ಅದು ಆಧಾರ್ ಕಾರ್ಡಿನ ಮಟ್ಟಿಗೆ. ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿರಬಹುದು, ನಾಲ್ಕೆಕರೆ ದ್ರಾಕ್ಷಿ ಪಡ ಮಾಡಿರಬಹುದು, ಸಾಲಿಯಲ್ಲಿ ಮಾಸ್ತರನಾಗಿರಬಹುದು. ಗುರುತು ಮಾತ್ರ ಒಂದೇ. ಅವನ ಕೈಯಲ್ಲಿರುವ ಫೋನು ಊರಿಗೆಲ್ಲ ಹೊಸದು, ಮತ್ತು ಅದರಲ್ಲಿ ಏನಾದರೊಂದು ನಡೆಯುತ್ತಿರುವುದಿಲ್ಲ. ಚಹಾದಂಗಡಿಯ ಬಾಕಿನ ಮೇಲೆ ಕೂತು ಗೋಲಗುಮ್ಮಟದ ಮೇಲೆ ಎದ್ದ ಚಂದ್ರನನ್ನು ನೂರು ಪಟ್ಟು ಹಿಗ್ಗಿಸಿ, ಅದರ ಕಲೆಗಳನ್ನು ಒಂದೊಂದಾಗಿ ತೋರಿಸುತ್ತಾನೆ. ನಡುವೆ ಮನೆಯಿಂದ ಕರೆ ಬಂದರೆ ಪರದೆ ಕಪ್ಪಾಗುತ್ತದೆ. "ಅದೊಂದು ಸಣ್ಣ ಬಗ್ ಐತ್ರಿ, ಅಪ್ಡೇಟ್ ಬಂತಂದ್ರ ಸರಿ ಆಕ್ಕೈತಿ" ಎನ್ನುತ್ತಾನೆ. ಅಲ್ಲಿಯ ತನಕ ಮನೆಗೆ ಮಾತಾಡಲು ಪಕ್ಕದವರ ಫೋನು ಬೇಕು. ಪಕ್ಕದವರದು ಗುಂಡಿ ಒತ್ತುವ ಹಳೆಯ ಡಬ್ಬಿ. ಅದಕ್ಕೆ ಯಾವ ಅಪ್ಡೇಟೂ ಬರುವುದಿಲ್ಲ, ಹಾಗಾಗಿ ಅದು ಕೆಲಸ ಮಾಡುತ್ತಿರುತ್ತದೆ.

ಇವನನ್ನು ಹುಚ್ಚನೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಫೋನಿನ ವಿಷಯದಲ್ಲಿ ಅವನಷ್ಟು ಓದಿಕೊಂಡವನು ತಾಲೂಕಿನಲ್ಲಿ ಇಲ್ಲ. ಮಗ ಎಷ್ಟನೇ ಇಯತ್ತೆ ಎಂದು ಕೇಳಿದರೆ ಅರೆಗಳಿಗೆ ಯೋಚಿಸುತ್ತಾನೆ. ಆಂಡ್ರಾಯ್ಡ್ ಎಷ್ಟನೆಯದು ಎಂದು ಕೇಳಿದರೆ ದಶಮಾಂಶದ ಸಮೇತ ಹೇಳುತ್ತಾನೆ. ಅವನ ತೊಡಕು ಅಜ್ಞಾನದ್ದಲ್ಲ, ಲೆಕ್ಕದ್ದು. ರೊಕ್ಕ ಕೊಡುವುದು ವರ್ತಮಾನಕಾಲದಲ್ಲಿ, ಫೋನು ಕೊಳ್ಳುವುದು ಭವಿಷ್ಯತ್ಕಾಲದಲ್ಲಿ. ಅಂಗಡಿಯವನು "ಈಗ ಇಲ್ರಿ, ಮುಂದ ಬರ್ತೈತಿ" ಎಂದರೆ ನಾವು "ಹಂಗಾದ್ರ ಮುಂದ ಬರ್ತೀನ್ರಿ" ಎಂದು ಎದ್ದು ಬರುತ್ತೇವೆ. ಅಪ್ಡೇಟಣ್ಣ ಅಲ್ಲೇ ಕಂತು ಕಟ್ಟಲು ಕೂಡುತ್ತಾನೆ. ನನ್ನ ವಾದವೂ ಇಷ್ಟೇ: ಫೋನಿಗೆ ಬೆಲೆ ಕಟ್ಟಬೇಕಾದದ್ದು ಕೊಂಡ ದಿನ ಅದು ಮಾಡುವ ಕೆಲಸಕ್ಕೆ, ಮುಂದೆ ಬರಲಿರುವುದು ಬಂದರೆ ಲಾಭ, ಅದಕ್ಕೆ ಈಗಲೇ ಹಣ ಎಣಿಸಬಾರದು.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಭಾರತದಲ್ಲಿ ಮೊದಲ 5ಜಿ ಫೋನು ಮಾರಾಟಕ್ಕೆ ಬಂದದ್ದು 2020ರ ಫೆಬ್ರವರಿಯಲ್ಲಿ, ರಿಯಲ್‌ಮಿ ಕಂಪನಿಯದು, ಬೆಲೆ 37,999 ರೂಪಾಯಿಯಿಂದ ಮೇಲಕ್ಕೆ. ದೇಶದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ರಂದು, ಅದೂ ಮೊದಲಿಗೆ ದೊಡ್ಡ ನಗರಗಳಲ್ಲಿ. ಎರಡೂವರೆ ವರ್ಷ ಆ ಫೋನಿನ 5ಜಿ ಎಂಬುದು ಡಬ್ಬಿಯ ಮೇಲಿನ ಅಕ್ಷರವಾಗಿತ್ತು. ಸೇವೆ ಬಂದ ಮೇಲಾದರೂ ಸುಖವಾಯಿತೇ? ಐಫೋನ್ 12 ಕೊಂಡವರ ಕೈಯಲ್ಲಿ 5ಜಿ ಯಂತ್ರಾಂಗ 2020ರಿಂದಲೇ ಇತ್ತು. ಇಲ್ಲಿ ಅದನ್ನು ಎಬ್ಬಿಸುವ ಸಾಫ್ಟ್‌ವೇರ್ ಬಂದದ್ದು 2022ರ ಡಿಸೆಂಬರಿನಲ್ಲಿ. ಟವರ್ ಇತ್ತು, ಫೋನ್ ಇತ್ತು, ನಡುವೆ ಅಪ್ಪಣೆ ಇರಲಿಲ್ಲ. ಅಷ್ಟರೊಳಗೆ ಬ್ಯಾಟರಿಗೆ ಎರಡು ವರ್ಷ ತುಂಬಿತ್ತು. ಅಪ್ಡೇಟಣ್ಣ ಮರೆಯುವ ಮಾತು ಇದು: ಸಾಫ್ಟ್‌ವೇರ್ ಬಲಿಯುತ್ತಾ ಹೋದಂತೆ ಫೋನು ಮುದುಕಾಗುತ್ತಾ ಹೋಗುತ್ತದೆ.

ಅದಕ್ಕಿಂತ ರುಚಿಯಾದ ಪ್ರಕರಣ 2024ರದು. ಆ ಸೆಪ್ಟೆಂಬರಿನಲ್ಲಿ ಐಫೋನ್ 16 ಬಂತು. ಕೃತಕ ಬುದ್ಧಿವಂತಿಕೆಗಾಗಿಯೇ ಕಟ್ಟಿದ ಫೋನೆಂದು ಸಾರಿದರು, ಇಲ್ಲಿ ಬೆಲೆ 79,900 ರೂಪಾಯಿ. ಡಬ್ಬಿ ಬಿಚ್ಚಿದರೆ ಬುದ್ಧಿ ಒಳಗಿರಲಿಲ್ಲ. ಮೊದಲ ಕಂತು ಬಂದದ್ದು ಅಕ್ಟೋಬರಿನ ಕೊನೆಗೆ, ಅದೂ ಫೋನಿನ ಭಾಷೆಯನ್ನು ಅಮೆರಿಕದ ಇಂಗ್ಲಿಷಿಗೆ ಇಟ್ಟುಕೊಂಡವರಿಗೆ. ಅಂದರೆ ಬಬಲೇಶ್ವರದ ಮಾಸ್ತರರು ಅದರ ಸೇವೆ ಪಡೆಯಲು ಕೆಲವು ತಿಂಗಳು ಅಮೆರಿಕದವರಾಗಿರಬೇಕಿತ್ತು. ಭಾರತದ ಇಂಗ್ಲಿಷು ಅದಕ್ಕೆ ತಿಳಿಯತೊಡಗಿದ್ದು 2025ರ ಏಪ್ರಿಲ್ ಹೊತ್ತಿಗೆ. ಜಾಹೀರಾತಿನಲ್ಲಿ ಎಲ್ಲರ ಬಾಯಲ್ಲಿ ನೀರೂರಿಸಿದ್ದ, ಫೋನಿನೊಳಗಿನ ನಮ್ಮ ವಿಷಯವೆಲ್ಲ ಅರಿತು ಮಾತಾಡುವ ಸಿರಿ ಎಂಬ ಸಹಾಯಕಿಯನ್ನಂತೂ ಕಂಪನಿಯೇ 2025ರ ಮಾರ್ಚಿನಲ್ಲಿ ಮುಂದೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂದಿನ ಫೋನು ಬಂದಾಗ 16ರ ಬೆಲೆ 69,900ಕ್ಕೆ ಇಳಿಯಿತು. ಅರೆಬೆಂದದ್ದಕ್ಕೆ ಹತ್ತು ಸಾವಿರ ಜಾಸ್ತಿ, ಬೆಂದದ್ದಕ್ಕೆ ಕಡಿಮೆ. ಈ ವಿಚಿತ್ರ ವ್ಯಾಪಾರ ಎಪಿಎಂಸಿಯಲ್ಲಿ ನಡೆದರೆ ರೈತರೂ ದಲಾಲರೂ ಒಟ್ಟಿಗೇ ಎದ್ದು ಹೋಗುತ್ತಿದ್ದರು. ಅದರಲ್ಲೂ ವಿಜಯಪುರದವನಿಗೆ ಇದು ತಿಳಿಯದೆ ಹೋಗುವುದು ನನಗೆ ಸೋಜಿಗ. ಎರಡನೆಯ ಅಲಿ ಆದಿಲ್‌ಶಾಹ ತೀರಿಕೊಂಡದ್ದು 1672ರಲ್ಲಿ. ಅವನ ಗೋರಿಗೆಂದು ಎಬ್ಬಿಸಿದ ಬಾರಾ ಕಮಾನಿಗೆ ಅಂದಿನಿಂದ ಅಪ್ಡೇಟ್ ಬಂದಿಲ್ಲ. ಕಮಾನುಗಳು ಚೆಂದ ಇವೆ, ಜನ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಮಳೆ ಬಂದರೆ ಮಾತ್ರ ತಲೆಯ ಮೇಲೆ ಸೂರಿಲ್ಲ.

ಇದಕ್ಕೆ ಅಪ್ಡೇಟಣ್ಣನ ಉತ್ತರ ಸಿದ್ಧ: "ಕಡೀಕ ಬಂತಲ್ರಿ? ಬರೂದಿಲ್ಲ ಅಂತ ಯಾರಂದ್ರು?" ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು, ಏಕೆಂದರೆ ಕನ್ನಡದವರು ಅಪ್ಡೇಟಿನ ಋಣದಲ್ಲಿದ್ದೇವೆ. ಹಿಂದಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸಂದೇಶ ಬಂದರೆ ಬರೀ ಚೌಕಾಕಾರದ ಡಬ್ಬಿಗಳು ಸಾಲಾಗಿ ಕಾಣುತ್ತಿದ್ದವು. 2012ರಲ್ಲಿ ಬಂದ 4.1ನೇ ಆವೃತ್ತಿ ಆ ಡಬ್ಬಿಗಳನ್ನು ಒಡೆದು ಒಳಗಿನ ಅಕ್ಷರ ತೋರಿಸಿತು. ಉಪಕಾರ ದೊಡ್ಡದು, ಒಪ್ಪೋಣ. ಆದರೆ ಡಬ್ಬಿ ನೋಡುತ್ತ ಕಾದಿದ್ದವರ ಬಹುಪಾಲು ಹಳೆಯ ಫೋನಿಗೆ ಆ ಆವೃತ್ತಿ ಬರಲೇ ಇಲ್ಲ. ಅಪ್ಡೇಟ್ ಬಂದದ್ದು ಇನ್ನೊಂದು ಫೋನಿನ ರೂಪದಲ್ಲಿ, ಇನ್ನೊಂದು ಬಿಲ್ಲಿನ ಜೊತೆ. ಬಂದ ಅಪ್ಡೇಟೆಲ್ಲ ಗುಣ ಮಾಡುತ್ತದೆಂಬ ಖಾತ್ರಿಯೂ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಬಿಟ್ಟ 8.0.1 ಎಂಬ ಮದ್ದು ಕುಡಿದ ಹೊಸ ಐಫೋನುಗಳು ನೆಟ್‌ವರ್ಕನ್ನೇ ಕಳೆದುಕೊಂಡವು. ಕಂಪನಿ ಅದನ್ನು ಗಂಟೆಯೊಪ್ಪತ್ತಿನಲ್ಲಿ ಹಿಂದಕ್ಕೆ ಪಡೆಯಿತು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು 'ಜ್ಞಾ' ಅಕ್ಷರ ಬಂದರೆ ಐಫೋನಿನ ಆ್ಯಪುಗಳು ಎಚ್ಚರ ತಪ್ಪಿ ಬೀಳುತ್ತಿದ್ದವು. ಇನ್ನು ಬಾರದೇ ಹೋದವುಗಳ ಪಟ್ಟಿಗೂ ಕೊರತೆಯಿಲ್ಲ. 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಫೋನು ತಂದಿತು. ಅಗ್ಗವೆಂದು ಕೊಂಡವರು ವಾಟ್ಸ್ಆ್ಯಪ್ ಬರುತ್ತದೆಂದು ಕಾದರು. ಮರುವರ್ಷದ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ರೂಪಿಸಿದ ಮೊಜಿಲ್ಲಾ ಆ ಫೋನುಗಳ ಕೆಲಸವನ್ನೇ ಕೈಬಿಡುವುದಾಗಿ ಹೇಳಿತು.

ನಗರದ ಅಪ್ಡೇಟಣ್ಣನಿಗೆ ಇವೆಲ್ಲ ಚಹಾದ ಹೊತ್ತಿನ ಮಾತು. ಕರೆ ಕಡಿದರೆ ಅಂಗಡಿಗೆ ಗಿರಾಕಿ ಹೇಗಿದ್ದರೂ ನಡೆದೇ ಬರುತ್ತಾನೆ. ತಿಕೋಟಾದವನದು ಹಾಗಲ್ಲ. ಹೊಸ ಫೋನುಗಳೂ ಹಬ್ಬದ ರಿಯಾಯಿತಿಯೂ ಕೂಡಿ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ದ್ರಾಕ್ಷಿ ಪಡಕ್ಕೆ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುವುದೂ ಆಗಲೇ. ಕೊಯ್ದ ಕಡ್ಡಿಯಿಂದ ಹೊಸ ಚಿಗುರು ಹೊರಟು ಹೂ ಕಚ್ಚುವ ತನಕ ರೈತ ಒಂದು ಕಣ್ಣು ಮೋಡದ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟಿರುತ್ತಾನೆ. ಹಿಂಗಾರು ಮಳೆ ಹನಿದು ಎಲೆ ತೊಯ್ದರೆ ಡೌನಿ ರೋಗ. ಔಷಧ ಇಂದು ಹೊಡೆಯಬೇಕೋ ನಾಳೆಯೋ ಎಂಬುದು ಹವಾಮಾನದ ಸುದ್ದಿ, ಎಲೆಯ ಫೋಟೊ, ಔಷಧದಂಗಡಿಯವನ ಸಲಹೆ ಈ ಮೂರರ ಮೇಲೆ ನಿಂತಿದೆ. ಮೂರೂ ಬರುವುದು ಆ ಫೋನಿನಲ್ಲಿ. ಬೆಳೆ ಸಮೀಕ್ಷೆಯ ಆ್ಯಪಿಗೆ ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು. ಜಿಪಿಎಸ್ ತಾಳ ತಪ್ಪಿ ಇವನನ್ನು ಪಕ್ಕದವರ ಹೊಲದಲ್ಲಿ ನಿಲ್ಲಿಸಿದರೆ, ಹೊಸ ಫೋನಿನ ಕ್ಯಾಮೆರಾದಲ್ಲಿ ಎಷ್ಟು ಕೋಟಿ ಚುಕ್ಕಿಗಳಿದ್ದರೂ ಉಪಯೋಗವಿಲ್ಲ. ಇಂಥ ವೇಳೆಯಲ್ಲಿ ಎಂಟು ತಾಸಿಗೆ ಚಾರ್ಜು ಮುಗಿಸುವ, ಬಿಸಿಯಾಗಿ ತಾನೇ ಆರಿಹೋಗುವ ಹೊಸ ಫೋನನ್ನು ಅವನು ಪಡದ ಕಂಬಕ್ಕೆ ಪವರ್‌ಬ್ಯಾಂಕ್ ಸಮೇತ ತೂಗುಹಾಕಿ, "ಮುಂದಿನ ವಾರ ಸರಿ ಆಕ್ಕೈತಿ" ಎನ್ನುತ್ತಾನೆ. ಡೌನಿಗೆ ಮುಂದಿನ ವಾರ ಗೊತ್ತಿಲ್ಲ. ಕಡೆಗೆ ಹೆಂಡತಿ ತನ್ನ ಹಳೆಯ ಫೋನಿನಿಂದ ಔಷಧದಂಗಡಿಗೆ ಕರೆ ಮಾಡಿ ಕೇಳುತ್ತಾಳೆ. ಪಡ ಉಳಿಯುವುದು ಹೆಚ್ಚಾಗಿ ಹೀಗೆ.

"ಎಲ್ಲಾರೂ ನಿಮ್ಹಂಗ ಕುಂತ್ರ ಹೊಸಾದು ತಗೊಳ್ಳಾವ್ರು ಯಾರ್ರಿ? ತಪ್ಪು ಗೊತ್ತಾಗೂದು ಹೆಂಗ?" ಎಂಬುದು ಅವನ ಕೊನೆಯ ಬಾಣ, ಮತ್ತು ಮೊನಚಾದದ್ದು. ಮೊದಲು ಕೊಂಡವರು ದೂರಿದ್ದರಿಂದಲೇ ಎಷ್ಟೋ ದೋಷಗಳು ತಿದ್ದಿಹೋಗಿವೆ. ಆದರೆ ಆ ಪರೀಕ್ಷೆಗೆ ಕಂಪನಿಗಳೇ ಬೇರೆ ಬಾಗಿಲು ಇಟ್ಟಿವೆ. ಬೀಟಾ ಎಂದು ಹೆಸರು ಹಚ್ಚಿ, ಬಯಸಿದವರಿಗೆ ಪುಕ್ಕಟೆ ಕೊಡುತ್ತಾರೆ. ದಿನಬಳಕೆಯ ಫೋನಿಗೆ ಹಾಕದಿರುವುದು ಒಳ್ಳೆಯದೆಂದು ಮೊದಲೇ ಹೇಳುತ್ತಾರೆ. ಅದು ಪ್ರಾಮಾಣಿಕ ವ್ಯವಹಾರ. ಪೂರ್ತಿ ಬೆಲೆಗೆ, ಪೂರ್ತಿ ಫೋನೆಂದು ಮಾರಿ, ಪರೀಕ್ಷೆಯ ಕೂಲಿಯನ್ನೂ ಗಿರಾಕಿಯ ತಲೆಗೆ ಕಟ್ಟುವುದು ಪ್ರಾಮಾಣಿಕವಲ್ಲ. ಹಳೆಯ ಫೋನಿಗೆ ಭದ್ರತೆಯ ತಿದ್ದುಪಡಿ ನಿಲ್ಲುತ್ತದೆ, ಯುಪಿಐ ನಡೆಸುವ ಫೋನಿಗೆ ಅದು ಅಪಾಯ ಎಂಬ ಮಾತು ನಿಜವೇ. ಆದರೆ ಅದರಿಂದ ಬಿಡುಗಡೆಯ ದಿನವೇ ಕೊಳ್ಳಬೇಕೆಂದು ಸಿದ್ಧವಾಗುವುದಿಲ್ಲ. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳೇಳು ವರ್ಷದ ಅಪ್ಡೇಟಿಗೆ ಮಾತು ಕೊಟ್ಟಿವೆ. ಅಂಥ ಫೋನನ್ನು ಒಂದು ವರ್ಷ ತಡೆದು ಕೊಂಡರೂ ಆರು ವರ್ಷ ಕೈಯಲ್ಲಿ ಉಳಿಯುತ್ತವೆ. ಅಗ್ಗದ ಫೋನುಗಳಿಗೆ ಈ ಅವಧಿ ಕಡಿಮೆ. ಅಲ್ಲಿ ಅಂಗಡಿಯಲ್ಲೇ ಕೇಳಿಕೊಳ್ಳಬೇಕು.

ಇಷ್ಟು ವಾದಿಸಿದರೂ ಅಪ್ಡೇಟಣ್ಣ ಬದಲಾಗುವುದಿಲ್ಲ, ಬದಲಾಗುವುದು ನಮಗೆ ಬೇಕಾಗಿಯೂ ಇಲ್ಲ. ಅವನಿಗೆ ಫೋನಿಗಿಂತ ಕಾಯುವುದರಲ್ಲೇ ಸುಖ. ಕಾದ ಅಪ್ಡೇಟ್ ಬಂದು, ಕರೆ ಕಡಿಯುವುದು ನಿಂತು, ಬ್ಯಾಟರಿ ಸಂಜೆಯ ತನಕ ಬಾಳತೊಡಗಿದ ದಿನ ಅವನ ಮುಖ ಸಣ್ಣದಾಗುತ್ತದೆ. ಹೇಳಿಕೊಳ್ಳಲು ಏನೂ ಉಳಿದಿಲ್ಲವಲ್ಲ. ಆ ವಾರವೇ ಅದನ್ನು ಮಾರಲು ತೆಗೆಯುತ್ತಾನೆ. ಆಗ ನೀವು ಹೋಗಿ. ಬಿಲ್ಲು, ಡಬ್ಬಿ ಕೇಳಿ ಪಡೆಯಿರಿ; *#06# ಒತ್ತಿ ಬಂದ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಿ, ಕದ್ದ ಫೋನಲ್ಲವೆಂದು ಖಾತ್ರಿ ಮಾಡಿಕೊಳ್ಳಿ; ಕಂತು ಬಾಕಿಯಿದ್ದರೆ ಮೊದಲು ತೀರಿಸಲು ಹೇಳಿ. ಆಮೇಲೆ ಚೌಕಾಸಿ ಮಾಡಿ ಕೊಳ್ಳಿರಿ. ಸದ್ಯಕ್ಕೆ ಪೇಟೆಯಲ್ಲಿ ಕೊಳ್ಳಲು ತಕ್ಕ ಫೋನು ಅದೇ.