ಕೋರಿ ಕಾಣೆಯಾದದ್ದು

ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತಾಗಲೆಲ್ಲ ಜಾವಾಸ್ಕ್ರಿಪ್ಟನ್ನು ನೆನೆಯುವವನು ಈ ಊರಲ್ಲಿ ನಾನೊಬ್ಬನೇ ಇರಬೇಕು. ಮುಂದೆ ಪಣಂಬೂರಿನ ಬಂದರಿಗೆ ಹೊರಟ ಕಂಟೇನರ್ ಲಾರಿ, ಹಿಂದೆ ಹಾರ್ನಿನಿಂದ ಕೈ ತೆಗೆಯದ ಉಡುಪಿ ಎಕ್ಸ್‌ಪ್ರೆಸ್, ಕೆಳಗೆ ಯಾವ ಗಡಿಬಿಡಿಯೂ ಇಲ್ಲದ ಫಲ್ಗುಣಿ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡುವುದೂ ಹೀಗೇ, ಒಂದೇ ಸಾಲಿನಲ್ಲಿ. ಮುಂದಿನ ಕೆಲಸ ದಾಟದೆ ಹಿಂದಿನದಕ್ಕೆ ದಾರಿಯಿಲ್ಲ. ಸೊನ್ನೆ ಸೆಕೆಂಡ್ ಬಿಟ್ಟು ಬಾ ಎಂದು ಸೆಟ್‌ಟೈಮ್‌ಔಟ್‌ಗೆ ಹೇಳಿದರೂ ಅದು ಬರುವುದು ಲಾರಿ ದಾಟಿದ ಮೇಲೆಯೇ. ಆ ಸೊನ್ನೆ ಸೆಕೆಂಡು, ಖಾಲಿ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರು ಹೇಳುವ "ಈಗ ಹೊರಟಿತು"ವಿನ ತಮ್ಮ.

1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ನಮ್ಮಲ್ಲಿ ಹತ್ತು ದಿನದಲ್ಲಿ ಒಂದು ಮದುವೆಯ ಕಾಗದವೂ ಅಚ್ಚಾಗುವುದಿಲ್ಲ. ಹಾಗಾಗಿ ನಾನು ಬೈಯುವುದಿಲ್ಲ.

ಬೈಯಬೇಕಾದ ಸಂದರ್ಭ ಬಂದದ್ದು ಹೊಳೆಬದಿಯ ಗೆಳೆಯನ ಹೋಟೆಲಿಗೆ ವೆಬ್ ಪುಟ ಮಾಡಲು ಹೊರಟಾಗ. ಸಂಬಳ, ಮಧ್ಯಾಹ್ನದ ಊಟ. ಬಿಲ್ ಲೆಕ್ಕಕ್ಕೆಂದು ಎರಡು ಚೌಕ ಇಟ್ಟೆ. ಕೋರಿ ರೊಟ್ಟಿಗೆ 180, ಮಜ್ಜಿಗೆಗೆ 20. ಮೊತ್ತ ಬಂತು: 18020.

"ಎಂತ ಮಾರಾಯ, ಇಷ್ಟು ಕೊಟ್ಟರೆ ಹೋಟೆಲೇ ಬರ್ತದೆ!"

ಚೌಕದಲ್ಲಿ ಬರೆದದ್ದೆಲ್ಲ ಜಾವಾಸ್ಕ್ರಿಪ್ಟಿಗೆ ಅಕ್ಷರಮಾಲೆ. ಅಕ್ಷರದ ನಡುವೆ ಪ್ಲಸ್ ಹಾಕಿದರೆ ಅದು ಕೂಡಿಸುವುದಿಲ್ಲ, ಅಂಟಿಸುತ್ತದೆ. ಮೈನಸ್ ಹಾಕಿ ನೋಡಿ, ಅದೇ 180ರಲ್ಲಿ 20 ಕಳೆದು ಸರಿಯಾಗಿ 160 ಕೊಡುತ್ತದೆ. ಕಳೆಯುವುದರಲ್ಲಿ ಜಾಣ, ಕೂಡಿಸುವುದರಲ್ಲಿ ಪೆದ್ದ. ಮೊದಲೇ ನಂಬರ್ ಮಾಡಿ ಕೊಟ್ಟರೆ ತೆಪ್ಪಗಿರುತ್ತದೆ. ಅಂಟಿಸುವ ಕೆಲಸವಾದರೂ ಬರುತ್ತದೆಯೇ? ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಸಂಧಿಯನ್ನು ಬಿಡಿಸಿ ಹೇಳಿದ್ದ. ಈ ಪ್ಲಸ್ಸಿಗೆ ಲೋಪಸಂಧಿ ಗೊತ್ತಿಲ್ಲ. ಊರಿನ ಹೆಸರಿಗೆ "ಇಂದ" ಅಂಟಿಸು ಎಂದರೆ "ಕೂಳೂರುಇಂದ" ಎನ್ನುತ್ತದೆ. ಫೋನಿಗೆ ಬರುವ ಸಂದೇಶಗಳಲ್ಲಿ "ಮಂಗಳೂರುಗೆ" ಎಂದು ಓದಿದಾಗ ಹಲ್ಲು ಕಡಿಯುತ್ತಿದ್ದ ನಾನು ಈಗ ಸುಮ್ಮನಿರುತ್ತೇನೆ. ಎಲ್ಲೋ ಒಬ್ಬ ಬಡಪಾಯಿ ಪ್ಲಸ್ ಹಾಕಿದ್ದಾನೆ. ಊರಿನ ಹೆಸರಿನ ಎದುರಿಗೇ "ಕೂಳೂರಿಗೆ", "ಕೂಳೂರಿಂದ" ಎಂದು ಇಡೀ ರೂಪಗಳನ್ನು ಬರೆದಿಡುವುದೇ ವಾಸಿ.

ಆಮೇಲೆ ಹುಡುಕುವ ಪೆಟ್ಟಿಗೆ. "ರೊಟ್ಟಿ" ಎಂದರೆ ಸಿಗುತ್ತದೆ, "ಕೋರಿ" ಎಂದರೆ ಇಲ್ಲ. ಪರದೆಯ ಮೇಲೆ ಕಣ್ಣಿಗೆ ರಾಚುವ ಹಾಗೆ ಇದೆ! ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಎರಡೂ "ಕೋರಿ"ಗಳ ಉದ್ದ ಅಳೆದೆ. ನಾನು ಟೈಪಿಸಿದ್ದು 4, ಮೆನುವಿನಲ್ಲಿದ್ದದ್ದು 5. ನಮ್ಮ ಕಣ್ಣಿಗೆ ಅಕ್ಷರ ಎರಡೇ. ಯಂತ್ರ ಸ್ವರಚಿಹ್ನೆಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ, ಅಷ್ಟರ ಮಟ್ಟಿಗೆ ಸರಿ. ಆದರೆ ಮೆನು ಬಂದದ್ದು ಪ್ರೆಸ್ಸಿನ ಹಳೆಯ ಡಿಟಿಪಿ ಕಡತದಿಂದ. ಯೂನಿಕೋಡಿಗೆ ಪರಿವರ್ತಿಸುವಾಗ ಅಲ್ಲಿನ "ಕೋ" ಎಂಬುದು "ಕೊ" ಮತ್ತು ಒಂದು ಬಿಡಿ ದೀರ್ಘವಾಗಿ ಉಳಿದಿತ್ತು. ಕಾಗುಣಿತ ಕಲಿಸಿದ ಮೇಷ್ಟ್ರು ಬಂದರೂ ವ್ಯತ್ಯಾಸ ಕಾಣದು. ಮೂರು ಸಮಚಿಹ್ನೆ ಹಾಕಿ ಹೋಲಿಸಿದರೆ ಯಂತ್ರ ಮುಖ ತಿರುಗಿಸುತ್ತದೆ. 2015ರಲ್ಲಿ ಭಾಷೆಗೆ ಬಂದ ನಾರ್ಮಲೈಸ್ ಎಂಬುದೊಂದಿದೆ. ಹೋಲಿಸುವ ಮೊದಲು ಎರಡನ್ನೂ ಅದರ ಕೈಗೆ ಕೊಟ್ಟರೆ ಇಬ್ಬರೂ 4 ಆಗಿ ಬರುತ್ತಾರೆ. ಕೋರಿ ಸಿಕ್ಕಿತು.

ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಲು ದಾರಿ ಮಾಡಿದ ಕೆ.ಪಿ. ರಾವ್ ಇಲ್ಲಿಂದ ಬಹಳ ದೂರವೇನಲ್ಲದ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಸೇಡಿಯಾಪು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ. ವ್ಯಾಕರಣ ಬಲ್ಲವರ ಹೆಸರು ಕಂಪ್ಯೂಟರಿಗೆ ಬಂತು. ವ್ಯಾಕರಣ ಮಾತ್ರ ನನ್ನ ಪ್ಲಸ್ಸಿನ ತನಕ ಬರಲಿಲ್ಲ.

ಕೊನೆಯ ತಪ್ಪು ಪೂರ್ತಿ ನನ್ನದೇ. ಮೀನಿನ ದರ ಬೆಳಿಗ್ಗೆ ಬಂದರಿನಲ್ಲಿ ತೀರ್ಮಾನವಾಗುವುದರಿಂದ ಅಲ್ಲಿಯವರೆಗೆ ಆ ಜಾಗ ಖಾಲಿ. ಖಾಲಿ ಜಾಗಕ್ಕೆ ಪುಟ "ಅನ್‌ಡಿಫೈನ್ಡ್" ಎಂದು ಇಂಗ್ಲಿಷಿನಲ್ಲಿ ಕಿರುಚುತ್ತಿತ್ತು. ಕನ್ನಡಾಭಿಮಾನದಿಂದ ಎರಡು ಉದ್ದ ಗೆರೆ ಎಳೆದು, ದರ ಇಲ್ಲದಿದ್ದರೆ "ಕಾಣೆ" ಎಂದು ತೋರಿಸು ಅಂದೆ. ಅಂಜಲ್: ಕಾಣೆ. ಬಂಗುಡೆ: ಕಾಣೆ. ಘಟ್ಟದ ಮೇಲಾದರೆ ನಡೆಯುತ್ತಿತ್ತು. ಕರಾವಳಿಯಲ್ಲಿ ಕಾಣೆ ಎಂಬುದು ಮೀನು, ಅದೂ ರವೆ ಹಚ್ಚಿ ಹುರಿದರೆ ಮಾತೇ ಬೇಡ. ಸಾಲದ್ದಕ್ಕೆ, ಆ ಎರಡು ಗೆರೆಗಳಿಗೆ ಸೊನ್ನೆಯೂ ಇಲ್ಲದ್ದೇ. ಊಟದ ಜೊತೆ ಪುಕ್ಕಟೆ ಕೊಡುವ ತಿಳಿಸಾರಿನ ದರ 0 ಎಂದು ಬರೆದಿದ್ದೆವು. ಪುಟ ಹೇಳಿತು, ತಿಳಿಸಾರು: ಕಾಣೆ.

ಸೋಮವಾರ ಮೀನು ಮುಟ್ಟದ ಗಿರಾಕಿಯೊಬ್ಬರು ಫೋನ್ ಮಾಡಿದರಂತೆ: "ಸಾರಿನಲ್ಲಿಯೂ ಹಾಕ್ತೀರಾ?"

ಗೆರೆಗಳನ್ನು ಅಳಿಸಿ, 2020ರಲ್ಲಿ ಬಂದ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿದೆ. ಅವುಗಳಿಗೆ ಸೊನ್ನೆಗೂ ಶೂನ್ಯಕ್ಕೂ ಇರುವ ಭೇದ ಗೊತ್ತು. "ಕಾಣೆ" ತೆಗೆದು "ದರ ಕೇಳಿ" ಎಂದೂ ಮಾಡಿದೆ. ಹಸಿದಿದ್ದೆ. ಸಂಬಳ ವಸೂಲಿಗೆ ಕುಳಿತು ಒಂದು ಕಾಣೆ ಫ್ರೈ ಹೇಳಿದೆ.

"ಮುಗೀತು ಸರ್," ಎಂದ ಹುಡುಗ, "ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಕೇಳ್ತಿದ್ದಾರೆ."